ಸವತಿಗೆ ಹಾಕಿದ ನೀರು

ನನ್ನ ಮೊಂಡು ಭಾವನಿಗೆ,

ಭಾವಮೈದನ ನಮಸ್ಕಾರ. ಇತ್ತ ಕ್ಷೇಮ, ಅತ್ತ ಕ್ಷೇಮವೇ ಎಂದು ಶುರುಮಾಡಿದರೆ ಎರಡೂ ಸುಳ್ಳಾಗುತ್ತದೆ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಸವತಿ ರಿಪೇರಿಯಾದಳು. ಈ ಸುದ್ದಿ ಕೇಳಿ ಕುಣಿದಾಡುವವರು ಲೋಕದಲ್ಲಿ ನೀವೊಬ್ಬರೇ ಇದ್ದಿರಿ, ಈಗ ನೀವೇ ಇಲ್ಲ. ಯಾರಿಗೂ ಹೇಳದೆ ಇರಲಾರದೆ ನಿಮಗೇ ಬರೆಯುತ್ತಿದ್ದೇನೆ.

ಅಕಸ್ಮಾತ್ ಈ ಕಾಗದ ಬೇರೆಯವರ ಕೈಗೆ ಸಿಕ್ಕಿದರೆ, ಸವತಿ ಎಂದರೆ ಯಾರೋ ಹೆಂಗಸು ಎಂದುಕೊಂಡಾರು. ಹೋದವರ ಮಾನ ಕಳೆದ ಪಾಪ ನನ್ನ ತಲೆಗೆ ಬಂದೀತು. ಅದಕ್ಕೆ ಬರೆದೇ ಬಿಡುತ್ತೇನೆ. ಸವತಿ ಎಂದರೆ ನಿಮ್ಮ ಹಳೇ ಬಿಳೀ ವ್ಯಾನು. ಹೋಟೆಲುಗಳ ಕೊಳೆ ಹಾಸಿಗೆ ಬಟ್ಟೆಗಳನ್ನು ಗಂಟು ಕಟ್ಟಿ ಲಾಂಡ್ರಿಗೆ ಒಯ್ದು, ಒಗೆದು ಇಸ್ತ್ರಿಯಾದವನ್ನು ವಾಪಸು ಮುಟ್ಟಿಸುತ್ತಿದ್ದ ವ್ಯಾನು. ನನ್ನ ಅಕ್ಕ ನಿಮ್ಮ ಮನೆ ತುಂಬುವುದಕ್ಕೆ ಮುಂಚೆಯೇ ಅದು ನಿಮ್ಮ ಗೇಟಿನ ಮುಂದೆ ನಿಂತಿತ್ತು. "ಇವರಿಗೆ ಮೊದಲನೆಯವಳು ಅವಳು, ನಾನು ಎರಡನೆಯವಳು" ಎಂದು ಮದುವೆಯಾದ ಹೊಸದರಲ್ಲಿ ಅಕ್ಕ ತಮಾಷೆಗೆ ಅಂದದ್ದು. ಆ ಹೆಸರೇ ಗಟ್ಟಿಯಾಗಿ ನಿಂತುಬಿಟ್ಟಿತು.

ನಿಮ್ಮ ಮನೆಯ ಬೆಳಗು ನನಗೆ ಬಾಯಿಪಾಠ. ನನ್ನ ಗಾಡಿ ರಿಪೇರಿ ಶೆಡ್ಡಿಗೆ ಹೋಗುವ ದಾರಿಯಲ್ಲಿ ಎಷ್ಟೋ ಸಲ ನಿಮ್ಮ ಗೇಟಿನ ಹತ್ತಿರ ನಿಂತು ನೋಡಿದ್ದೇನೆ. ನೀವು ಮೆಟ್ಟಿಲ ಮೇಲೆ ಕುಳಿತು ಬೂಟಿನ ದಾರ ಕಟ್ಟುತ್ತಿದ್ದಿರಿ. ಒಂದು ಜೊತೆ ಬೂಟು ಕಟ್ಟಲು ಯಾವ ಮನುಷ್ಯನಿಗೂ ಅಷ್ಟು ಹೊತ್ತು ಬೇಕಾಗಿಲ್ಲ. ಅಕ್ಕ ನೀಲಿ ಕ್ಯಾನು ಹಿಡಿದು ಬರುತ್ತಿದ್ದಳು. ತಾನೇ ಬಾನೆಟ್ ಎತ್ತಿ, ಕಡ್ಡಿ ಕೊಟ್ಟು ನಿಲ್ಲಿಸಿ, ಹಳೇ ಟವೆಲ್ಲಿನಿಂದ ರೇಡಿಯೇಟರಿನ ಮುಚ್ಚಳ ತಿರುಗಿಸಿ, ಕಂಠಮಟ್ಟ ನೀರು ತುಂಬಿಸುತ್ತಿದ್ದಳು. ಆಮೇಲೆ ಬಾನೆಟ್ ಮುಚ್ಚಿ ಅದರ ನೆತ್ತಿಗೆ ಒಂದು ಏಟು ಕೊಟ್ಟು ಹೇಳುತ್ತಿದ್ದಳು: "ಕುಡೀ ನನ್ನ ಸವತಿ, ಹೊಟ್ಟೆ ತುಂಬ ಕುಡಿ. ಸಾಯಂಕಾಲ ನನ್ನ ಗಂಡನ್ನ ನೆಟ್ಟಗೆ ಮನೆಗೆ ತಂದುಬಿಡು, ಅಷ್ಟೇ ಸಾಕು." ನೀವು ಮೆಟ್ಟಿಲಿಂದಲೇ, "ಅವಳಿಗೆ ದಿನಾ ಉಪಚಾರ, ನಮ್ಮನ್ನ ಕೇಳೋರೇ ಇಲ್ಲ" ಎನ್ನುತ್ತಿದ್ದಿರಿ. ಊಟದ ಡಬ್ಬಿ ನಿಮ್ಮ ಕೈಗೆ ಬರುತ್ತಿತ್ತು. ನೀವು ಹೊರಡುತ್ತಿದ್ದಿರಿ. ಕೂದಲು ನರೆತರೂ ಈ ನಾಟಕ ಒಂದು ದಿನ ತಪ್ಪಿದ್ದು ನಾನು ಕಾಣೆ.

ನೀವಿಬ್ಬರು ದಿನಕ್ಕೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದದ್ದೇ ಆಗ. ಅಕ್ಕನಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಸಂಜೆ ಪಾಳಿ. ನೀವು ಮನೆಗೆ ಬರುವಷ್ಟರಲ್ಲಿ ಅವಳು ಕೆಲಸಕ್ಕೆ ಹೋಗಿರುತ್ತಿದ್ದಳು. ಅವಳು ಬರುವಷ್ಟರಲ್ಲಿ ನೀವು ಗೊರಕೆ ಹೊಡೆಯುತ್ತಿದ್ದಿರಿ. ಇದನ್ನು ನಾನು ಆಗ ಯೋಚಿಸಿರಲಿಲ್ಲ. ಈಗ ಬೇರೆ ಯಾವುದನ್ನೂ ಯೋಚಿಸಲಾಗುತ್ತಿಲ್ಲ.

ಕೊನೆಯ ದಿನದ ಬೆಳಿಗ್ಗೆ ಆ ನಾಟಕ ನಡೆಯಲಿಲ್ಲ. ನಿಮಗೆ ಕೆಲವು ವಾರಗಳಿಂದ ಏದುಸಿರು. ಒಂದು ಗಂಟು ಎತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದಿರಿ. ಅಕ್ಕ ತನ್ನ ಆಸ್ಪತ್ರೆಯಲ್ಲೇ ಡಾಕ್ಟರನ್ನು ಗೊತ್ತುಮಾಡಿ ಬಂದಿದ್ದಳು. ನೀವು ಹೋಗಲಿಲ್ಲ. "ಈ ವಾರದ ಲೋಡು ಮುಗೀಲಿ" ಎಂದಿರಿ. ಅದಕ್ಕೂ ಮುಂಚೆ ನನ್ನನ್ನು ತೋರಿಸಿ, "ಗಾಡಿಗೂ ನನಗೂ ಇವನೇ ಸ್ಪ್ಯಾನರ್ ಡಾಕ್ಟ್ರು, ಬೇರೆಯವರ ಕೈಗೆ ಹೋಗಲ್ಲ" ಎಂದು ನಗಿಸಿ ಜಾರಿಕೊಂಡಿದ್ದಿರಿ. ಆ ಬೆಳಿಗ್ಗೆ ಅಕ್ಕನಿಗೆ ನಗು ಬರಲಿಲ್ಲ. ಮಾತಿಗೆ ಮಾತು ಬೆಳೆಯಿತು. "ನನ್ನ ಮಾತಿಗೆ ಬೆಲೆ ಇಲ್ಲ ಅಂದ್ಮೇಲೆ ಅವಳಿಗೂ ನೀವೇ ನೀರು ಹಾಕ್ಕೊಳ್ಳಿ" ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಿಮ್ಮದೂ ಕಡಿಮೆ ಕೋಪವೇನಲ್ಲ. ಖಾಲಿ ಕ್ಯಾನನ್ನು ವ್ಯಾನಿನೊಳಗೆ ಎಸೆದು ಹೊರಟುಬಿಟ್ಟಿರಿ.

ಊರ ಹೊರಗಿನ ಏರುದಾರಿಯಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗಿರಬೇಕು. ನೀವು ಕೂಡಲೇ ನಿಲ್ಲಿಸಿದ್ದಿರಿ. ಆ ಒಂದು ವಿಷಯದಲ್ಲಾದರೂ ನನ್ನ ಮಾತು ಕೇಳಿದಿರಿ. ಕ್ಯಾನು ಹಿಡಿದು ಇಳಿದು ಹೋಗಿ, ಕೆಳಗಿನ ಗೋದಾಮಿನ ನಲ್ಲಿಯಲ್ಲಿ ನೀರು ಹಿಡಿದಿರಿ. ತುಂಬಿದ ಕ್ಯಾನು ಹೊತ್ತು ಬಿಸಿಲಲ್ಲಿ ಏರು ಹತ್ತಿದಿರಿ. ವ್ಯಾನು ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದು, ರಸ್ತೆ ಬದಿಯ ಕಟ್ಟೆಯ ಮೇಲೆ ಕುಳಿತಿರಿ. ಅಲ್ಲೇ ಮುಗಿಯಿತು. ನಿಮ್ಮನ್ನು ಮೊದಲು ನೋಡಿದ ಲಾರಿ ಡ್ರೈವರು ಹೇಳಿದ, "ಸುಧಾರಿಸ್ಕೊಳ್ತಾ ಕೂತಿದಾರೆ ಅಂತಲೇ ಅಂದ್ಕೊಂಡೆ ಸಾರ್. ಕ್ಯಾನು ಪಕ್ಕದಲ್ಲೇ ನೆಟ್ಟಗೆ ಇಟ್ಟಿದ್ರು, ಮುಚ್ಚಳ ಹಾಕಿ. ಒಂದು ಹನಿ ಚೆಲ್ಲಿರಲಿಲ್ಲ."

ಆ ಕ್ಯಾನನ್ನು ಅವನೇ ಮನೆಗೆ ತಂದುಕೊಟ್ಟ. ಅಕ್ಕ ಅದನ್ನು ಅಡುಗೆಮನೆಯ ಮೂಲೆಯಲ್ಲಿಟ್ಟಳು. ಯಾರಿಗೂ ಮುಟ್ಟಲು ಬಿಡಲಿಲ್ಲ, ನೀರು ಚೆಲ್ಲಲೂ ಇಲ್ಲ.

ಬಂದ ನೆಂಟರೆಲ್ಲ ಹೋದ ಮೇಲೆ ಒಂದು ಮಧ್ಯಾಹ್ನ ಅವಳು ನನ್ನ ಶೆಡ್ಡಿಗೆ ಬಂದಳು. ಅಷ್ಟು ಹೊತ್ತಿಗೆ ನಾನು ಸವತಿಯನ್ನು ಹಗ್ಗ ಕಟ್ಟಿ ಎಳೆದು ತಂದು ಹಿಂದಿನ ಗೋಡೆಗೆ ನಿಲ್ಲಿಸಿದ್ದೆ. ಅಕ್ಕ ಒಳಗೆ ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ವ್ಯಾನನ್ನೇ ನೋಡುತ್ತ, "ಅವತ್ತು ನಾನು ನೀರು ಹಾಕಿರಲಿಲ್ಲ ಕಣೋ" ಎಂದಳು. ನಾನು ಸಮಾಧಾನದ ಮಾತು ತೆಗೆಯುವಷ್ಟರಲ್ಲಿ ಕೈ ಎತ್ತಿ ತಡೆದಳು. "ಸಮಾಧಾನ ಹೇಳೋರು ಬೇಕಾದಷ್ಟು ಜನ ಬಂದು ಹೋದ್ರು. ನೀನು ಗಾಡಿ ನೋಡಿ ಹೇಳು. ನಾನು ಅವತ್ತು ಕ್ಯಾನು ಹಿಡ್ಕೊಂಡು ಆಚೆ ಬಂದಿದ್ರೆ ಅವರು ಆ ಏರು ಹತ್ತಬೇಕಾಗ್ತಿತ್ತಾ, ಇಲ್ವಾ? ಅಷ್ಟು ಹೇಳು. ಸುಳ್ಳು ಹೇಳ್ಬೇಡ, ಚಿಕ್ಕವನಿದ್ದಾಗಿಂದ ಸುಳ್ಳು ಹೇಳಿದ್ರೆ ನಿನ್ನ ಮೂಗು ಕೆಂಪಾಗುತ್ತೆ."

ಭಾವ, ಎಷ್ಟೋ ಗಾಡಿಗಳ ಹೊಟ್ಟೆ ಬಿಚ್ಚಿದ್ದೇನೆ. ಸೋರಿಕೆ ಎಲ್ಲಿದೆ ಎಂದು ಹುಡುಕುವುದು ದಿನದ ಕೆಲಸ. ಸೋರಿಕೆ ಇಂಥ ಕಡೆ ಮಾತ್ರ ಇರದಿದ್ದರೆ ಸಾಕು ಎಂದು ಹೆದರುತ್ತ ಹುಡುಕುವುದು ಬೇರೆ. ಒಂದು ಸಣ್ಣ ಪೈಪು ಜಿನುಗುತ್ತಿದ್ದರೆ ಏನು ಗತಿ? ಅಂಥ ಸೋರಿಕೆಗೆ ಬೆಳಿಗ್ಗೆಯ ಒಂದು ಕ್ಯಾನು ಧಾರಾಳವಾಗಿ ಸಾಕು, ಸಂಜೆವರೆಗೆ ಬರುತ್ತದೆ. ಹಾಗಿದ್ದರೆ ನಾನು ಅಕ್ಕನ ಮುಖ ನೋಡಿ ಏನು ಹೇಳಬೇಕಿತ್ತು?

ಲಾಂಡ್ರಿಯ ಮ್ಯಾನೇಜರು ಬಂದು, "ರೇಡಿಯೇಟರ್ ಹಳೇದು, ಅದನ್ನ ಕಿತ್ತು ಬೇರೆ ಹಾಕು" ಎಂದು ಸಲಹೆ ಕೊಟ್ಟು ಹೋದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಪೈಕಿ ಅವರು. ರೇಡಿಯೇಟರ್ ಒಣಗಿತ್ತು, ಹೊರಗೆ ಎಲ್ಲೂ ಒದ್ದೆಯಿಲ್ಲ, ಒಣಗಿದ ಕಲೆಯೂ ಇಲ್ಲ. ಮೇಲಿನ ಪೈಪು, ಕೆಳಗಿನ ಪೈಪು, ಪಟ್ಟಿಗಳು, ಎಲ್ಲ ಬೆರಳಾಡಿಸಿ ನೋಡಿದೆ. ಸರಿಯಾಗಿದ್ದವು. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಲ್ಲಿ ಜಿನುಗಿಲ್ಲ. ಕಾಲಡಿಯ ಮ್ಯಾಟು ಎತ್ತಿದೆ, ಧೂಳು ಬಿಟ್ಟರೆ ಏನೂ ಇಲ್ಲ. ಆಯಿಲ್ ಕಡ್ಡಿ ಎಳೆದು ನೋಡಿದೆ. ನೀರು ಇಂಜಿನ್ನಿನ ಒಳಗೇ ಇಳಿದಿದ್ದರೆ ಆಯಿಲ್ಲು ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿರುತ್ತದೆ; ಇಲ್ಲಿ ಕಪ್ಪಗೆ ಚೆನ್ನಾಗಿಯೇ ಇತ್ತು. ನೀವು ಬೇಗ ನಿಲ್ಲಿಸಿದ್ದರಿಂದ ಇಂಜಿನ್ನು ಉಳಿದಿತ್ತು.

ಆಮೇಲೆ ನೀರು ತುಂಬಿ, ಮುಚ್ಚಳದ ಜಾಗಕ್ಕೆ ಒತ್ತಡದ ಕೈಪಂಪು ಕಟ್ಟಿದೆ. ಅದು ಸುಲಭದ ಪರೀಕ್ಷೆ. ಗಾಡಿ ಓಡುವಾಗ ಒಳಗೆ ಏಳುವ ಒತ್ತಡವನ್ನು, ಗಾಡಿ ತಣ್ಣಗಿರುವಾಗಲೇ ಪಂಪು ಹೊಡೆದು ಬರಿಸುವುದು. ಎಲ್ಲೂ ತೂತಿಲ್ಲದಿದ್ದರೆ ಪಂಪಿನ ಮುಳ್ಳು ಏರಿದಲ್ಲೇ ನಿಲ್ಲುತ್ತದೆ. ಸವತಿಯ ಮುಳ್ಳು ನಿಲ್ಲಲೇ ಇಲ್ಲ. ನಾನು ಒತ್ತಿದರೆ ಏರುವುದು, ಕೈಬಿಟ್ಟರೆ ಬೀಳುವುದು. ಟಾರ್ಚು ಹಿಡಿದು ಕೆಳಗೆ ನುಗ್ಗಿ ಬೆನ್ನ ಮೇಲೆ ಮಲಗಿದೆ. ಇಂಜಿನ್ನೂ ಗೇರ್‌ಬಾಕ್ಸೂ ಕೂಡುವ ಕಡೆ, ಎರಡರ ನಡುವಿನ ಸಂದಿಯಿಂದ, ಕಂದು ಬಣ್ಣದ ನೀರು ಸುರಿಯುತ್ತಿತ್ತು. ಒಂದು ಧಾರೆ ನನ್ನ ಕತ್ತಿನ ಮೇಲೆ ಬಿತ್ತು. ನನಗೆ ಒಂದು ಕ್ಷಣ ಸಂತೋಷವಾಯಿತು, ಭಾವ. ಹನಿಯಲ್ಲ, ಧಾರೆ! ಇಷ್ಟು ದೊಡ್ಡದಾಗಿದ್ದರೆ ಅಕ್ಕ ಬಚಾವು.

ಮರುದಿನ ಅವಳನ್ನೇ ಕರೆಸಿದೆ. ನಾನು ಹೇಳಿದರೆ ಮೂಗು ನೋಡುತ್ತಾಳೆ. ಕಣ್ಣಾರೆ ಕಂಡರೆ ನಂಬುತ್ತಾಳೆ. ನಲ್ಲಿಯಿಂದ ನೀರು ಹಿಡಿದು ತರಲು ಹೊರಟವನನ್ನು ಅವಳು ನಿಲ್ಲಿಸಿದಳು. ಚೀಲದೊಳಗಿಂದ ನೀಲಿ ಕ್ಯಾನು ತೆಗೆದಳು. ಅದೇ ಕ್ಯಾನು. ನೀವು ಗೋದಾಮಿನ ನಲ್ಲಿಯಲ್ಲಿ ಹಿಡಿದು, ಏರಿನಲ್ಲಿ ಹೊತ್ತು ತಂದು, ಪಕ್ಕದಲ್ಲಿ ನೆಟ್ಟಗೆ ಇಟ್ಟ ನೀರು. "ಇದು ಇವಳಿಗೇ ಅಂತ ತಂದಿದ್ದು. ಇವಳಿಗೇ ಹೋಗ್ಲಿ" ಎಂದಳು. ಬಾನೆಟ್ಟಿನ ಕಡ್ಡಿ ಸರಿಯಾಗಿದೆಯೇ ಎಂದು ಅಭ್ಯಾಸದ ಹಾಗೆ ಅಲುಗಿಸಿ ನೋಡಿ, ಕಂಠಮಟ್ಟ ತುಂಬಿಸಿ, ಮುಚ್ಚಳ ತಿರುಗಿಸಿದಳು. ಬಾನೆಟ್ಟಿನ ನೆತ್ತಿಗೆ ಹೊಡೆಯಲು ಕೈ ಎತ್ತಿದವಳು ಹಾಗೇ ಇಳಿಸಿದಳು.

ನಾನು ಇಂಜಿನ್ನು ಶುರುಮಾಡಿದೆ. ಒಂದೇ ಸಲಕ್ಕೆ ಎದ್ದಿತು, ಏನೂ ನಡೆದೇ ಇಲ್ಲವೇನೋ ಎನ್ನುವ ಹಾಗೆ. ಬಿಸಿಯಾಗುತ್ತಿದ್ದಂತೆ ಕೆಳಗಿನ ಧಾರೆ ದಪ್ಪವಾಯಿತು. ಶೆಡ್ಡಿನ ನೆಲದ ಇಳಿಜಾರು ಹಿಡಿದು ನೀರು ಅಕ್ಕನ ಚಪ್ಪಲಿಯವರೆಗೆ ಹರಿದು ಬಂತು. ಅವಳು ಸರಿಯಲಿಲ್ಲ. ತರಿಸಿದ ಟೀ ಆರುವ ಮುಂಚೆ ಬಿಸಿಯ ಮುಳ್ಳು ಮೇಲೇಳತೊಡಗಿತು. ನಾನು ಬೀಗದ ಕೈ ತಿರುಗಿಸಿ ಆರಿಸಿದೆ. "ನೋಡಿದ್ಯಲ್ಲ ಅಕ್ಕ, ಒಂದು ಕ್ಯಾನಲ್ಲ, ಹತ್ತು ಕ್ಯಾನು ಹಾಕಿದ್ರೂ ಆ ಏರಿಗೆ ಸಾಕಾಗ್ತಿರಲಿಲ್ಲ. ಎಲ್ಲೋ ಒಂದು ಕಡೆ ಅವರು ಇಳಿದು ನೀರಿಗೆ ಹೋಗ್ಲೇಬೇಕಿತ್ತು." ಅವಳು ನನ್ನ ಮೂಗನ್ನು ನೋಡಿದಳು. ಆಮೇಲೆ ನನ್ನ ಸ್ಟೂಲಿನ ಮೇಲೆ ಕುಳಿತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ನೀವು ಹೋದ ಮೇಲೆ ಮೊದಲ ಬಾರಿಗೆ ದನಿ ತೆಗೆದು ಅತ್ತಳು. ನಾನು ಒದ್ದೆ ನೆಲಕ್ಕೆ ಮರದ ಹೊಟ್ಟು ಚೆಲ್ಲುತ್ತ ನಿಂತೆ.

ಅಲ್ಲಿಗೇ ಮುಗಿದಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ.

ಗೇರ್‌ಬಾಕ್ಸ್ ಇಳಿಸಿದೆ. ಕ್ಲಚ್ ತೆಗೆದೆ, ಅದರ ಹಿಂದಿನ ಭಾರದ ಚಕ್ರ ತೆಗೆದೆ. ಇಂಜಿನ್ನಿನ ಬೆನ್ನು ಕಾಣಿಸಿತು. ಅಲ್ಲಿ ನೀರಿನ ದಾರಿಯ ಬಾಯಿಗೆ ಬಡಿದು ಕೂರಿಸಿದ ಒಂದು ತಗಡಿನ ಬಿಲ್ಲೆ ಇರುತ್ತದೆ. ಬಾಟಲಿಯ ಮುಚ್ಚಳದಂಥ ಸಣ್ಣ ವಸ್ತು. ಗಾಡಿಯ ಜೀವಮಾನದಲ್ಲಿ ಯಾರೂ ಅದರ ಮುಖ ನೋಡುವುದಿಲ್ಲ. ಸವತಿಯ ಬಿಲ್ಲೆಯಲ್ಲಿ ಕಡಲೆಕಾಳು ತೂರುವಷ್ಟು ತೂತಾಗಿತ್ತು. ಕಿತ್ತು ಅಂಗೈಯಲ್ಲಿಟ್ಟು ನೋಡಿದೆ. ಹೊರಗಿನ ಮುಖ ಇನ್ನೂ ಗಟ್ಟಿ. ಒಳಗಿನ ಮುಖ, ನೀರು ತಾಗುವ ಮುಖ, ಪದರ ಪದರವಾಗಿ ತುಕ್ಕು ತಿಂದು ಬೆರಳಿಗೆ ಪುಡಿಪುಡಿಯಾಗಿ ಬಂತು. ಬಹಳ ಕಾಲದಿಂದ ಸೂಜಿಮೊನೆಯಷ್ಟು ಜಿನುಗಿದೆ, ಓಡುವಾಗ ಮಾತ್ರ. ಮನೆ ಮುಂದೆ ಒಂದು ಹನಿ ಬೀಳದಂತೆ. ಆ ದಿನ ಏರಿನಲ್ಲಿ ಆ ಮೊನೆಯ ಸುತ್ತ ತೆಳ್ಳಗೆ ಉಳಿದಿದ್ದ ತಗಡೂ ಹಾರಿಹೋಗಿದೆ.

ಬಿಲ್ಲೆಯನ್ನು ಅಕ್ಕನಿಗೂ ತೋರಿಸಿದೆ. ಬೆಳಕಿಗೆ ಹಿಡಿದು ತೂತಿನೊಳಗಿಂದ ನೋಡಿ, "ತುಕ್ಕು ಯಾಕೆ ಹಿಡೀತು?" ಎಂದು ಕೇಳಿದಳು. "ವಯಸ್ಸು ಅಕ್ಕ" ಎಂದೆ. ಅವಳು ಮತ್ತೆ ನನ್ನ ಮುಖ ನೋಡಿದಳು.

ಯಾಕೆ ಹಿಡಿಯಿತು ಎಂದು ನಿಮಗೆ ಗೊತ್ತು, ನನಗೆ ಗೊತ್ತು. ಬರೀ ನಲ್ಲಿ ನೀರು ಕಬ್ಬಿಣಕ್ಕೆ ಆಗದು ಭಾವ, ಒಳಗಿಂದ ತಿನ್ನುತ್ತದೆ ಎಂದು ನಾನು ನಿಮ್ಮ ಕಿವಿ ಹತ್ತಿರ ಎಷ್ಟು ಸಲ ಬಡಿದುಕೊಂಡೆ? ತುಕ್ಕು ಹಿಡಿಯದ ಹಾಗೆ ಮದ್ದು ಬೆರೆಸಿದ ಹಸಿರು ಕೂಲೆಂಟಿನ ಬಾಟಲಿ ನಾನೇ ತಂದು ಕೊಡುತ್ತಿದ್ದೆ. "ಭಾವಮೈದ ಶರಬತ್ತು ಕೊಟ್ಟ" ಎಂದು ಕಣ್ಣಿಗೊತ್ತಿಕೊಂಡು ತೆಗೆದುಕೊಂಡು ಹೋಗುತ್ತಿದ್ದಿರಿ. ನೀವು ಹೋದ ಮೇಲೆ ವ್ಯಾನು ಗುಡಿಸುವಾಗ, ಡ್ರೈವರ್ ಸೀಟಿನ ಹಿಂದೆ, ಹಳೇ ಹೊದಿಕೆಗಳ ಅಡಿಯಲ್ಲಿ ಸಿಕ್ಕವು: ಅಷ್ಟೂ ಬಾಟಲಿಗಳು, ಒಂದರ ಸೀಲೂ ಒಡೆದಿರಲಿಲ್ಲ. ಅಲ್ಲೇ ಆ ಹೊದಿಕೆಗಳ ಮೇಲೆ ಕುಳಿತು ನಿಮ್ಮನ್ನು ಬೈದೆ. ಸತ್ತವರನ್ನು ಬೈಯಬಾರದು ಎನ್ನುತ್ತಾರೆ, ಹಾಗಾದರೆ ಸತ್ತವರು ಇಂಥ ಕೆಲಸ ಮಾಡಿಟ್ಟು ಹೋಗಬಾರದು. ಅಕ್ಕ ಆ ದಿನ ಹಾಕದ ನೀರು ಏನೂ ಮಾಡಲಿಲ್ಲ. ಅಷ್ಟು ವರ್ಷ ತಪ್ಪದೆ, ಪ್ರೀತಿಯಿಂದ, ಏಟು ಕೊಟ್ಟು ಹರಸಿ ಹಾಕಿದ ನೀರೇ ಆ ಬಿಲ್ಲೆಯನ್ನು ತಿಂದದ್ದು. ಇದನ್ನು ಅವಳಿಗೆ ಹೇಗೆ ಹೇಳಲಿ? ಬಿಸಿತುಪ್ಪ ಬಾಯಿಗೆ ಹಾಕಿ ಹೋಗಿಬಿಟ್ಟಿರಿ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ರಿಪೇರಿಯ ವಿವರ ನಿಮಗೆ ಬೇಕೇಬೇಕು, ಬರೆಯದಿದ್ದರೆ ಕೋಪಿಸಿಕೊಳ್ಳುತ್ತೀರಿ. ಇಂಜಿನ್ನಿನ ಬೇರೆ ಕಡೆಗಳಲ್ಲಿದ್ದ ಅಂಥ ಹಳೇ ಬಿಲ್ಲೆಗಳನ್ನೂ ಕಿತ್ತೆ. ಅವು ಕೂರುವ ಜಾಗವನ್ನು ಉಜ್ಜಿ, ಅಂಟು ಸವರಿ, ಹಿತ್ತಾಳೆಯ ಹೊಸವನ್ನು ಬಡಿದು ಕೂರಿಸಿದೆ. ಪೈಪುಗಳನ್ನು ಬದಲಿಸಿದೆ. ಒಳಗಿನ ಕೆಸರನ್ನು ತೊಳೆದೇ ತೊಳೆದೆ. ಮೊದಲು ಇಟ್ಟಿಗೆ ಬಣ್ಣ, ಆಮೇಲೆ ಟೀ ಬಣ್ಣ, ಕೊನೆಗೆ ತಿಳಿ ಬಂತು. ಗೇರ್‌ಬಾಕ್ಸ್ ಏರಿಸಿ ಮತ್ತೆ ಕೈಪಂಪು ಕಟ್ಟಿದೆ. ಮುಳ್ಳು ಏರಿತು, ಅಲ್ಲೇ ನಿಂತಿತು. ಊಟ ಮಾಡಿ ಬಂದು ನೋಡಿದರೂ ಅಲ್ಲೇ. ನೀವು ಬಚ್ಚಿಟ್ಟಿದ್ದ ಬಾಟಲಿಗಳನ್ನೇ ಒಡೆದು, ಹಸಿರು ನೀರು ತುಂಬಿಸಿದೆ.

ಸವತಿಯನ್ನು ಮಾರುವುದಿಲ್ಲ ಎಂದು ಅಕ್ಕ ಮೊದಲೇ ಹೇಳಿದ್ದಳು. ಗೇಟಿನ ಮುಂದೆ ಅದರ ಜಾಗದಲ್ಲೇ ನಿಲ್ಲಿಸಿ ಬಂದೆ. ಮಾರನೆಯ ಬೆಳಿಗ್ಗೆ ಹಾದು ಹೋಗುವಾಗ ನೋಡುತ್ತೇನೆ, ಅಕ್ಕ ನೀಲಿ ಕ್ಯಾನು ಹಿಡಿದು ಬಾನೆಟ್ ಎತ್ತುತ್ತಿದ್ದಾಳೆ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾಳೆ. ಹಾಕಲಿ ಎಂದು ಬಿಟ್ಟರೆ ಮತ್ತೆ ಅದೇ ಕಥೆ. ನಾನು ಓಡಿ ಹೋಗಿ, ಪಕ್ಕದಲ್ಲಿದ್ದ ಇನ್ನೊಂದು ಡಬ್ಬಿಯ ಮುಚ್ಚಳ ತೆಗೆದು, "ಇನ್ಮೇಲೆ ಇದಕ್ಕೆ ಹಾಕು ಅಕ್ಕ, ಆ ಕಡೆ ಮುಚ್ಚಳ ಹೊಸ ಥರ ಕೂರಿಸಿದೀನಿ, ತೆಗೀಬಾರದು" ಎಂದೆ. ಅದು ಗಾಜು ತೊಳೆಯುವ ನೀರಿನ ಡಬ್ಬಿ. ಅವಳು ಅದನ್ನೂ ನೋಡಿದಳು, ನನ್ನನ್ನೂ ನೋಡಿದಳು. ಅದಕ್ಕೇ ನೀರು ಹಾಕಿದಳು. ಆಮೇಲೆ, "ಬಿಲ್ಲೆ ಮಿಕ್ಕಿದ್ರೆ ಒಂದೆರಡು ಕೊಡೋ, ಕಬ್ಬಿಣದ್ದು" ಎಂದಳು. ನೆನಪಿಗೆ ಇಟ್ಟುಕೊಳ್ಳುತ್ತಾಳೇನೋ ಎಂದು ಶೆಡ್ಡಿನಿಂದ ಎರಡು ಹೊಸವನ್ನು ತಂದು ಕೊಟ್ಟೆ. ಗಾಡಿಯೊಳಗೆ ಬಿಟ್ಟಿದ್ದ ಹಸಿರು ನೀರಿನ ಬಾಟಲಿಯೊಂದನ್ನು ಕಂಡು, ತಳಕ್ಕೆ ಉಳಿದದ್ದನ್ನೂ ಕೇಳಿದಳು. ನನ್ನ ಮಂದಬುದ್ಧಿಗೆ ಆಗಲೂ ಹೊಳೆಯಲಿಲ್ಲ.

ಹೋದ ವಾರ ಅವಳ ರಜೆಯ ದಿನ ಮನೆಗೆ ಹೋಗಿದ್ದೆ. ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಎರಡು ಗಾಜಿನ ಲೋಟ. ಒಂದರಲ್ಲಿ ಹಸಿರು ನೀರು, ತಳದಲ್ಲಿ ಬಿಲ್ಲೆ ಹೊಸದರ ಹಾಗೆ ಮಿಣಮಿಣ ಎನ್ನುತ್ತಿತ್ತು. ಇನ್ನೊಂದರಲ್ಲಿ ನಲ್ಲಿಯ ನೀರು. ಅದು ಆಗಲೇ ಇಟ್ಟಿಗೆ ಬಣ್ಣಕ್ಕೆ ತಿರುಗಿ, ಒಳಗಿದ್ದ ಬಿಲ್ಲೆ ಕಾಣುತ್ತಲೇ ಇರಲಿಲ್ಲ. ಅಕ್ಕ ಒಲೆಯ ಮುಂದೆ ನಿಂತವಳು ತಿರುಗದೆಯೇ ಹೇಳಿದಳು, "ವಯಸ್ಸು ಅಂದ್ಯಲ್ಲ. ಇದು ಅಂಗಡಿಯಿಂದ ಬಂದಿದ್ದು, ಇದಕ್ಕೆ ಯಾವ ವಯಸ್ಸೋ?" ಆಮೇಲೆ ಕಿಟಕಿಯತ್ತ ತಿರುಗಿದಳು. "ಎಲ್ಲರ ಮುಂದೆ ಹೇಳ್ಕೊಂಡು ತಿರುಗಾಡ್ತಿದ್ದೆ, ನಮ್ಮ ಸವತಿ ನನ್ನ ಕೈ ನೀರು ಕುಡಿದೇ ಓಡೋದು ಅಂತ. ನನ್ನ ಕೈಯಾರೆ ದಿನಾ ಹಾಕಿದೆ ಕಣೋ. ನನ್ನ ಕೈಯಾರೆ."

ಅವಳು ಆ ಕೆಂಪು ಲೋಟವನ್ನು ನೋಡುತ್ತ ನಿಂತ ರೀತಿ ನನಗೆ ಹೆದರಿಕೆ ಹುಟ್ಟಿಸಿತು, ಭಾವ. ಮೂರು ಹೊತ್ತೂ ಕಣ್ಣಿಗೆ ಬೀಳುವ ಜಾಗದಲ್ಲಿ ಅದನ್ನು ಇಟ್ಟುಕೊಂಡಿದ್ದಾಳೆ. ಆಗ ನಾನು ನಿಮ್ಮ ಗುಟ್ಟು ಒಡೆದೆ. ಕ್ಷಮಿಸುತ್ತೀರೋ ಇಲ್ಲವೋ, ಒಡೆದಾಯಿತು.

ನಿಮಗೆ ನೆನಪಿದೆಯೇ, ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಹಳೇ ಟೈರಿನ ಮೇಲೆ ಕುಳಿತು ನೀವು ಟೀ ಕುಡಿಯುತ್ತಿದ್ದಿರಿ. ಆ ದಿನ ನನಗೆ ನಿಜವಾಗಿ ಸಿಟ್ಟು ಬಂದಿತ್ತು. ಈ ಸಲವಾದರೂ ಹಸಿರು ನೀರು ಹಾಕಿ, ತುಂಬಿಸಿ ಮುಚ್ಚಿದರೆ ವರ್ಷಗಟ್ಟಲೆ ಬಾನೆಟ್ ಎತ್ತುವ ಹಾಗೇ ಇಲ್ಲ ಎಂದು ಗದರಿದೆ. ನೀವು ಲೋಟದ ತಳ ನೋಡುತ್ತ ನಕ್ಕು ಅಂದಿರಿ: "ಅದೇ ಅಲ್ವೇನಯ್ಯ ಫಜೀತಿ. ಆ ನೀರು ಹಾಕಿಬಿಟ್ರೆ ನಿಮ್ಮಕ್ಕ ಬೆಳಿಗ್ಗೆ ಆಚೆಗೇ ಬರಲ್ಲ. ನಾನು ಬೂಟು ಕಟ್ಕೊಂಡು ಯಾರ ಮುಖ ನೋಡ್ಕೊಂಡು ಹೋಗ್ಲಿ? ತಿಂದ್ರೆ ತಿನ್ಲಿ ಬಿಡು ತುಕ್ಕು." ನಾನೂ ನಕ್ಕೆ. ಯಾರು ತಾನೇ ನಗುವುದಿಲ್ಲ? ಆ ಬಾಟಲಿಗಳು ಸಿಗುವವರೆಗೆ ಅದು ತಮಾಷೆಯೆಂದೇ ತಿಳಿದಿದ್ದೆ.

ಈ ಮಾತನ್ನು ಒಂದಕ್ಷರ ಬಿಡದೆ ಅಕ್ಕನಿಗೆ ಹೇಳಿದೆ. ಬಾಟಲಿಗಳ ವಿಷಯವನ್ನೂ ಹೇಳಿದೆ. ಅವರಿಗೆ ಎಲ್ಲ ಗೊತ್ತಿತ್ತು ಅಕ್ಕ, ಗೊತ್ತಿದ್ದೇ ಬಿಟ್ಟಿದ್ದರು ಎಂದೆ. "ಇನ್ನೊಂದ್ಸಲ ಹೇಳು, ಅವರು ಹೇಗೆ ಅಂದ್ರು?" ಎಂದಳು. ಮತ್ತೆ ಹೇಳಿದೆ. ಮೂರನೆಯ ಸಲವೂ ಹೇಳಿಸಿದಳು. ಆಮೇಲೆ, "ಕತ್ತೆ ಮನುಷ್ಯ. ಬಾಯಿಬಿಟ್ಟು ಒಂದು ಮಾತು ಹೇಳಕ್ಕೇನಾಗಿತ್ತು?" ಎಂದಳು. ಗಂಡನನ್ನು ಅವಳು ಹಾಗೆ ಬೈದದ್ದು ನಾನು ಕೇಳಿರಲಿಲ್ಲ. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ. ಕೆಂಪು ಲೋಟವನ್ನು ತೆಗೆದುಕೊಂಡು ಹೋಗಿ ಬಚ್ಚಲಿಗೆ ಚೆಲ್ಲಿದಳು. ಬಿಲ್ಲೆಯನ್ನು ಮಾತ್ರ ತೊಳೆದು, ಒರೆಸಿ, ಇಟ್ಟುಕೊಂಡಳು. ಅವಳ ದುಃಖ ಕಡಿಮೆಯಾಯಿತೆಂದು ನಾನು ಹೇಳಲಾರೆ. ಅಂಥ ಸುಳ್ಳು ಬರೆದರೆ ಇಲ್ಲಿ ಕುಳಿತೇ ನನ್ನ ಮೂಗು ಕೆಂಪಾಗುತ್ತದೆ.

ಇವತ್ತು ಬೆಳಿಗ್ಗೆ, ನೀವು ಬೂಟು ಕಟ್ಟುವ ಹೊತ್ತಿಗೆ ಸರಿಯಾಗಿ, ನಿಮ್ಮ ಗೇಟಿನ ಆಚೆ ನಿಂತಿದ್ದೆ. ಅವಳು ಇನ್ನು ಬರಲಾರಳು ಎಂದುಕೊಂಡಿದ್ದೆ. ಯಾಕೆ ಬರಬೇಕು? ನೀರು ಹಾಕುವಂತಿಲ್ಲ, ಊಟದ ಡಬ್ಬಿ ತೆಗೆದುಕೊಂಡು ಹೋಗಲು ಯಾರೂ ಇಲ್ಲ. ಬಾಗಿಲು ತೆರೆಯಿತು. ಅಕ್ಕ ಬರಿಗೈಯಲ್ಲಿ ಬಂದಳು. ಇಂಜಿನ್ನು ಶುರುಮಾಡಿ ಇಳಿದು, ಮುಂದೆ ಬಂದು, ಬಾನೆಟ್ಟಿನ ನೆತ್ತಿಯ ಮೇಲೆ ಅಂಗೈ ಇಟ್ಟು ನಿಂತಳು. ಬಿಸಿ ಕೈಗೆ ತಾಗುವವರೆಗೂ ನಿಂತಿದ್ದಳು. ನಿಮ್ಮ ಮೆಟ್ಟಿಲಿನ ಕಡೆ ಒಮ್ಮೆ ನೋಡಿದಳು.

ಹಸಿರು ನೀರು ಹಾಕಿ ಆಯಿತು ಭಾವ. ಆದರೂ ಅವಳು ಆಚೆ ಬಂದಳು. ನೀವು ಸುಮ್ಮನೆ ಹೆದರಿದಿರಿ.

ಅಲ್ಲಿ ಏರುದಾರಿಗಳಿರದಿರಲಿ, ಇದ್ದರೂ ನಿಮ್ಮ ಕೈಯಲ್ಲಿ ಭಾರವಿರದಿರಲಿ. ಹೋಗಿ ಬನ್ನಿ ಎನ್ನಲು ಬಾಯಿ ಬರುವುದಿಲ್ಲ, ಸುಧಾರಿಸಿಕೊಳ್ಳಿ.

ಇಂತಿ ನಿಮ್ಮ,
ಗಾಡಿಯನ್ನಷ್ಟೇ ಉಳಿಸಿಕೊಂಡ
ಸ್ಪ್ಯಾನರ್ ಡಾಕ್ಟ್ರು